ಬೀಟಲ್ಸ್ ಬಳಗದ ಕಡೆಯ ಧ್ವನಿಮುದ್ರಣಗಳು

ಕೂಡಿ ಬಾಳಿದವರು ಬೇರೆಯಾಗುವುದು ಲೋಕದಲ್ಲಿ ಹೊಸ ಸಂಗತಿಯೇನಲ್ಲ. ಅಣ್ಣತಮ್ಮಂದಿರು ಪಾಲಾಗುತ್ತಾರೆ, ನಾಟಕದ ಕಂಪೆನಿ ಒಡೆದು ಎರಡಾಗುತ್ತದೆ, ಮೇಳದ ಭಾಗವತರು ಒಂದು ದಾರಿ ಹಿಡಿದರೆ ವೇಷಧಾರಿಗಳು ಇನ್ನೊಂದು ದಾರಿ ಹಿಡಿಯುತ್ತಾರೆ. ಹೀಗೆ ಒಡೆದ ಮೇಲೆ ತಪ್ಪು ಯಾರದೆಂಬ ಪಂಚಾಯಿತಿ ಊರ ಜಗಲಿಗಳ ಮೇಲೆ ಬಹಳ ದಿನ ನಡೆಯುತ್ತದೆ. ಆದರೆ ಒಡೆಯುವುದಕ್ಕೆ ತುಸು ಮುಂಚೆ ಅವರು ಕೂಡಿ ಮಾಡಿದ ಕೆಲಸ ಎಂಥದು, ಮನಸ್ಸು ಮುರಿದ ಮೇಲೂ ಕೈಗಳು ಹೇಗೆ ಒಂದಾಗಿ ದುಡಿದುವು ಎಂದು ವಿಚಾರಿಸುವವರು ಕಡಿಮೆ. ಈ ವಿಚಾರಣೆಗೆ ಇಂಗ್ಲೆಂಡಿನ ಬೀಟಲ್ಸ್ ಎಂಬ ರಾಕ್ ಸಂಗೀತದ ಬಳಗದ ಕಡೆಯ ಒಂದೂಕಾಲು ವರ್ಷದ ಚರಿತ್ರೆ ಬಹಳ ಅನುಕೂಲವಾದುದು. ಏಕೆಂದರೆ ಆ ದಿನಗಳ ಅವರ ಕೆಲಸದ ಬಹುಭಾಗ ಟೇಪಿನ ಮೇಲೂ ಫಿಲ್ಮಿನ ಮೇಲೂ ಉಳಿದು ಬಂದಿದೆ. ಜಗಳದ ಸಾಕ್ಷಿಯೂ ಅದೇ, ಸಾಮರಸ್ಯದ ಸಾಕ್ಷಿಯೂ ಅದೇ.

ಮೊದಲು ಈ ನಾಲ್ವರ ಪರಿಚಯವನ್ನು ಸಂಕ್ಷೇಪವಾಗಿ ಮಾಡಿಕೊಳ್ಳೋಣ. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಎಂಬ ಮೂವರು ಗಿಟಾರು ಹಿಡಿದು ಹಾಡುವವರು. ರಿಂಗೋ ಸ್ಟಾರ್ ಡ್ರಮ್ ಬಾರಿಸುವವನು. ನಾಲ್ವರೂ ಲಿವರ್‌ಪೂಲ್ ಎಂಬ ಬಂದರು ಪಟ್ಟಣದ ಹುಡುಗರು. ೧೯೬೨ರಲ್ಲಿ ಲಂಡನ್ನಿನ ಇ.ಎಂ.ಐ. ಕಂಪೆನಿಯ ಸ್ಟುಡಿಯೋದಲ್ಲಿ ಅವರ ಧ್ವನಿಮುದ್ರಣ ಆರಂಭವಾಯಿತು. ಅಲ್ಲಿ ಮೇಲ್ವಿಚಾರಕನಾಗಿದ್ದ ಜಾರ್ಜ್ ಮಾರ್ಟಿನ್ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿತವನು. ಈ ಹುಡುಗರಾದರೋ ಸ್ವರಲಿಪಿಯನ್ನು ಓದಲಾರದವರು. ಆದರೂ ಇಬ್ಬರಿಗೂ ಹೊಂದಿಕೆಯಾಯಿತು. ೧೯೬೩ರ ಫೆಬ್ರವರಿ ೧೧ರಂದು ಒಂದೇ ದಿನದಲ್ಲಿ ಹತ್ತು ಹಾಡುಗಳನ್ನು ಮುದ್ರಿಸಿ ಅವರು ತಮ್ಮ ಮೊದಲನೆಯ ಎಲ್.ಪಿ. ತಟ್ಟೆಯನ್ನು ಮುಗಿಸಿದರು. ೧೯೬೬ರ ಆಗಸ್ಟ್ ೨೯ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹಾಡಿದ ಮೇಲೆ ಊರೂರು ತಿರುಗಿ ಕಛೇರಿ ಮಾಡುವುದನ್ನು ನಿಲ್ಲಿಸಿಬಿಟ್ಟರು. ಅಭಿಮಾನಿಗಳ ಕಿರುಚಾಟದಲ್ಲಿ ತಮ್ಮ ಹಾಡು ತಮಗೇ ಕೇಳಿಸದಂತಾಗಿತ್ತು. ಅಂದಿನಿಂದ ಸ್ಟುಡಿಯೋ ಒಂದೇ ಆ ನಾಲ್ವರು ಕೂಡುವ ಮನೆಯಾಯಿತು.

ಆ ಮನೆಗೆ ಹಿರಿಯನಂತಿದ್ದವನು ಅವರ ವ್ಯವಹಾರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಬ್ರಯನ್ ಎಪ್‌ಸ್ಟೀನ್. ೧೯೬೭ರ ಆಗಸ್ಟ್ ೨೭ರಂದು ಅವನು ತೀರಿಕೊಂಡ. ಯಜಮಾನನಿಲ್ಲದ ಮನೆಯಲ್ಲಿ ತಲೆಗೊಂದು ಮಾತು ಹುಟ್ಟುವುದು ಸಹಜ. ಮರುವರ್ಷ, ೧೯೬೮ರ ಆರಂಭದಲ್ಲಿ, ನಾಲ್ವರೂ ನಮ್ಮ ದೇಶದ ಹೃಷೀಕೇಶಕ್ಕೆ ಬಂದು ಮಹೇಶಯೋಗಿಗಳ ಆಶ್ರಮದಲ್ಲಿ ಧ್ಯಾನ ಕಲಿತರು. ಅಲ್ಲಿ ಕುಳಿತು ಅನೇಕ ಹಾಡುಗಳನ್ನೂ ಕಟ್ಟಿದರು. ಹಿಂತಿರುಗಿ ಆ ಹಾಡುಗಳನ್ನು ಮುದ್ರಿಸಹೊರಟಾಗ ಮಾತ್ರ ಧ್ಯಾನದ ಶಾಂತಿ ಉಳಿದಿರಲಿಲ್ಲ. ಒಬ್ಬನು ಒಂದು ಕೊಠಡಿಯಲ್ಲಿ, ಮತ್ತೊಬ್ಬನು ಇನ್ನೊಂದರಲ್ಲಿ ತನ್ನ ತನ್ನ ಹಾಡನ್ನು ತಿದ್ದುತ್ತ ಕೂರುವುದು ಮೊದಲಾಯಿತು. ಧ್ವನಿಮುದ್ರಣದ ಎಂಜಿನಿಯರ್ ಜೆಫ್ ಎಮೆರಿಕ್ ಬೇಸತ್ತು ಕೆಲಸ ಬಿಟ್ಟು ನಡೆದ. ಆಗಸ್ಟಿನಲ್ಲಿ ಸೌಮ್ಯ ಸ್ವಭಾವದ ರಿಂಗೋ ಕೂಡ ಬಳಗವನ್ನು ತೊರೆದು ಹೋದ. ಎರಡು ವಾರಗಳ ಮೇಲೆ ಅವನು ಮರಳಿ ಬಂದಾಗ ಉಳಿದವರು ಅವನ ಡ್ರಮ್ಮುಗಳಿಗೆ ಹೂವಿನ ಅಲಂಕಾರ ಮಾಡಿಸಿದ್ದರು. ಆದರೆ ಹೂವು ಎಷ್ಟು ದಿನ ಬಾಡದೆ ಇದ್ದೀತು?

ಇಲ್ಲಿ ವಾಚಕರು ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬೀಟಲ್ಸ್ ಪ್ರಕಟಿಸಿದ ಕಡೆಯ ತಟ್ಟೆ ‘ಲೆಟ್ ಇಟ್ ಬಿ’; ಅದು ೧೯೭೦ರ ಮೇ ತಿಂಗಳಲ್ಲಿ ಹೊರಬಂದಿತು. ಅದಕ್ಕೆ ಹಿಂದಿನದು ‘ಆಬಿ ರೋಡ್’. ಅದು ಬಂದುದು ೧೯೬೯ರ ಸೆಪ್ಟೆಂಬರ್ ೨೬ರಂದು. ಆದರೆ ಪ್ರಕಟವಾದ ಕ್ರಮ ಬೇರೆ, ಹುಟ್ಟಿದ ಕ್ರಮ ಬೇರೆ. ‘ಲೆಟ್ ಇಟ್ ಬಿ’ ತಟ್ಟೆಯ ಹೆಚ್ಚಿನ ಹಾಡುಗಳು ೧೯೬೯ರ ಜನವರಿಯಲ್ಲಿಯೇ ಮುದ್ರಿತವಾಗಿದ್ದುವು. ‘ಆಬಿ ರೋಡ್’ ಬಹುಮಟ್ಟಿಗೆ ಅದೇ ವರ್ಷದ ಜುಲೈ, ಆಗಸ್ಟ್ ತಿಂಗಳುಗಳ ಕೆಲಸ. ಮೊದಲು ಹುಟ್ಟಿದ ಕೂಸಿಗೆ ತಡವಾಗಿ ನಾಮಕರಣವಾಯಿತೆನ್ನಬಹುದು. ಇದರಿಂದ ಒಂದು ತಪ್ಪು ಕಲ್ಪನೆ ಹರಡಿತು. ಜನವರಿಯ ಒಡಕು ಮಾತುಗಳನ್ನು ತೋರಿಸುವ ಚಲನಚಿತ್ರ ಬಳಗ ಒಡೆದ ಮೇಲೆ ತೆರೆಗೆ ಬಂದುದರಿಂದ, ಅದನ್ನು ಕಂಡ ಜನ ‘ಹೀಗೆ ಕಚ್ಚಾಡುತ್ತಲೇ ಇವರು ಮುಗಿದುಹೋದರು’ ಎಂದುಕೊಂಡರು. ನಿಜವಾಗಿ ಆ ಕಚ್ಚಾಟ ಮುಗಿದು ಅರ್ಧ ವರ್ಷವಾದ ಮೇಲೆ ಅವರು ತಮ್ಮ ಅತ್ಯಂತ ಹದವಾದ ಕೆಲಸಗಳಲ್ಲೊಂದನ್ನು ಕೂಡಿಯೇ ಮಾಡಿದರು.

ಜನವರಿಯ ಯೋಜನೆ ಏನಿತ್ತೆಂಬುದನ್ನು ತಿಳಿಯಲು ಧ್ವನಿಮುದ್ರಣದ ಒಂದು ಕ್ರಮವನ್ನು ಅರಿಯಬೇಕು. ಸ್ಟುಡಿಯೋದಲ್ಲಿ ಟೇಪಿನ ಅಗಲವನ್ನು ನಾಲ್ಕೋ ಎಂಟೋ ಪಟ್ಟಿಗಳನ್ನಾಗಿ ವಿಂಗಡಿಸಿ, ಒಂದು ಪಟ್ಟಿಯಲ್ಲಿ ಡ್ರಮ್ಮು, ಇನ್ನೊಂದರಲ್ಲಿ ಗಿಟಾರು, ಮತ್ತೊಂದರಲ್ಲಿ ಕಂಠ ಎಂದು ಬೇರೆ ಬೇರೆಯಾಗಿ ಆಗ ಮುದ್ರಿಸುತ್ತಿದ್ದರು. ಮೊದಲು ನುಡಿಸಿದ್ದನ್ನು ಕಿವಿಗೆ ಹಾಕಿಕೊಂಡು ಅದರ ಮೇಲೆ ಮತ್ತೊಂದನ್ನು ನುಡಿಸಿ ಸೇರಿಸಬಹುದು. ಈ ವಿದ್ಯೆಯಲ್ಲಿ ಬೀಟಲ್ಸ್ ಪಳಗಿದವರು. ಆದರೆ ೧೯೬೯ರ ಆರಂಭದಲ್ಲಿ ಅವರು ಅದನ್ನೇ ಬಿಡಬೇಕೆಂದು ನಿಶ್ಚಯಿಸಿದರು. ಮೊದಲಿನ ದಿನಗಳಂತೆ ನಾಲ್ವರೂ ಎದುರೆದುರು ನಿಂತು ಒಟ್ಟಿಗೆ ನುಡಿಸಬೇಕು, ಸೇರಿಸುವುದು ಅಂಟಿಸುವುದು ಕೂಡದು, ಹಾಡುಗಳು ಹುಟ್ಟಿ ಬೆಳೆಯುವುದನ್ನೆಲ್ಲ ಕ್ಯಾಮೆರಾ ಹಿಡಿಯಬೇಕು, ಕಡೆಗೆ ಒಂದು ಬಹಿರಂಗ ಕಛೇರಿ ನಡೆಯಬೇಕು, ಇದು ಯೋಜನೆ. ಕಲ್ಪನೆಯೇನೋ ಚೆನ್ನಾಗಿತ್ತು. ಅದನ್ನು ನಡೆಸಲು ಆರಿಸಿಕೊಂಡ ಸ್ಥಳವೂ ವೇಳೆಯೂ ಅಷ್ಟು ಚೆನ್ನಾಗಿರಲಿಲ್ಲ.

ಜನವರಿ ೨ರಂದು ಅವರು ಟ್ವಿಕನ್‌ಹ್ಯಾಮ್ ಎಂಬಲ್ಲಿನ ಚಲನಚಿತ್ರ ಸ್ಟುಡಿಯೋದಲ್ಲಿ ಕೂಡಿದರು. ಅದು ಗೋದಾಮಿನಂಥ ದೊಡ್ಡ ಕಟ್ಟಡ, ಹೊರಗೆ ಚಳಿಗಾಲ. ಮಧ್ಯಾಹ್ನದಿಂದ ನಡುರಾತ್ರಿಯವರೆಗೆ ದುಡಿದು ರೂಢಿಯಾದವರು ಚಿತ್ರತಂಡದ ವೇಳೆಗೆ ಹೊಂದಿಕೊಂಡು ಬೆಳಗ್ಗೆಯೇ ಬಂದು ಕೂಡಬೇಕಾಯಿತು. ನಿರ್ದೇಶಕ ಮೈಕಲ್ ಲಿಂಡ್‌ಸೆ-ಹಾಗ್‌ನ ಕ್ಯಾಮೆರಾಗಳು ಎದುರಿಗೇ ಇದ್ದುವು. ಮಾರ್ಟಿನ್ ಬಂದು ಹೋಗುತ್ತಿದ್ದರೂ ಹಿಂದಿನಂತೆ ಕೈಹಿಡಿದು ನಡೆಸುವ ಅಧಿಕಾರವನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ. ಹಾಡುಗಳೋ ಇನ್ನೂ ಅರೆಬೆಂದವು. ಕೆಲಸವನ್ನು ಮುಂದಕ್ಕೆ ನೂಕಲು ಮೆಕಾರ್ಟ್ನಿ ತಾನೇ ಮೇಷ್ಟರ ಪಾತ್ರ ವಹಿಸಿದ. ಗಿಟಾರು ಹೀಗೆ ನುಡಿಸು, ಹಾಗೆ ನುಡಿಸಬೇಡ ಎಂದು ಹೇಳತೊಡಗಿದ. ಹ್ಯಾರಿಸನ್ನನಿಗೆ ಅದು ಸಹಿಸಲಿಲ್ಲ. ಅವನು ತಂದ ಹೊಸ ಹಾಡುಗಳಿಗೆ ಸಿಗುತ್ತಿದ್ದ ಗಮನವೂ ಅಲ್ಪ. ಜನವರಿ ೧೦ರಂದು ಅವನು ಬಳಗ ಬಿಟ್ಟು ಮನೆಗೆ ಹೊರಟುಹೋದ.

ಅವನನ್ನು ಮತ್ತೆ ಕರೆತರಲು ಕೆಲವು ಷರತ್ತುಗಳಿಗೆ ಒಪ್ಪಬೇಕಾಯಿತು. ಟ್ವಿಕನ್‌ಹ್ಯಾಮನ್ನು ಬಿಟ್ಟು ಸ್ಯಾವಿಲ್ ರೋ ಬೀದಿಯಲ್ಲಿದ್ದ ತಮ್ಮ ಸ್ವಂತ ‘ಆಪಲ್’ ಕಂಪೆನಿಯ ಕಟ್ಟಡದ ನೆಲಮಾಳಿಗೆಗೆ ಕೆಲಸ ವರ್ಗವಾಯಿತು. ಅಲ್ಲಿ ಹೊಸದಾಗಿ ಕಟ್ಟಿಸಿದ್ದ ಧ್ವನಿಮುದ್ರಣದ ಸಲಕರಣೆ ಯಾವ ಪ್ರಯೋಜನಕ್ಕೂ ಬಾರದೆಂದು ತಿಳಿದಾಗ ಮಾರ್ಟಿನ್ ಇ.ಎಂ.ಐ.ಯಿಂದ ಯಂತ್ರಗಳನ್ನು ಎರವಲು ತರಿಸಿಕೊಟ್ಟ. ೨೨ರಂದು ಬಿಲ್ಲಿ ಪ್ರೆಸ್ಟನ್ ಎಂಬ ಅಮೆರಿಕದ ನೀಗ್ರೋ ಕಲಾವಿದನಿಗೆ, ಎಂದರೆ ಇಂದಿನ ಮಾತಿನಲ್ಲಿ ಕಪ್ಪುಜನಾಂಗದ ಆ ಯುವಕನಿಗೆ, ಕೀಬೋರ್ಡಿನ ಮುಂದೆ ಸ್ಥಾನ ಕೊಟ್ಟರು. ಮನೆಗೆ ನೆಂಟರು ಬಂದಾಗ ಗಂಡಹೆಂಡಿರು ಜಗಳ ಮರೆತು ನಗುಮುಖ ತೋರಿಸುವುದುಂಟಷ್ಟೆ. ಇಲ್ಲಿಯೂ ಹಾಗೆಯೇ ಆಯಿತು. ಹೊರಗಿನವನ ಮುಂದೆ ನಾಲ್ವರೂ ನೆಟ್ಟಗಾದರು, ವಾದನವೂ ನೆಟ್ಟಗಾಯಿತು. ಮುಂದೆ ಏಪ್ರಿಲಿನಲ್ಲಿ ‘ಗೆಟ್ ಬ್ಯಾಕ್’ ಹಾಡಿನ ಚಿಕ್ಕ ತಟ್ಟೆ ಹೊರಬಂದಾಗ ಅದರ ಮೇಲೆ ಬೀಟಲ್ಸ್ ಹೆಸರಿನೊಂದಿಗೆ ಪ್ರೆಸ್ಟನ್ನನ ಹೆಸರನ್ನೂ ಅಚ್ಚುಮಾಡಿದರು.

ಬಹಿರಂಗ ಕಛೇರಿ ಎಲ್ಲಿ ನಡೆಯಬೇಕೆಂದು ತಿಂಗಳೆಲ್ಲ ಚರ್ಚೆ ನಡೆದು, ದೂರದ ದೇಶಗಳ ಹೆಸರುಗಳೆಲ್ಲ ಬಂದು ಹೋಗಿ, ಕಡೆಗೆ ಜನವರಿ ೩೦ರಂದು ಅವರು ತಮ್ಮದೇ ಕಟ್ಟಡದ ಮಾಳಿಗೆ ಹತ್ತಿದರು. ಚಳಿಗಾಳಿ ಬೀಸುತ್ತಿತ್ತು. ಗಾಳಿಯ ಸದ್ದು ತಾಗದಿರಲೆಂದು ಮೈಕುಗಳಿಗೆ ಹೆಂಗಸರ ತೆಳುವಾದ ಕಾಲುಚೀಲಗಳನ್ನು ತೊಡಿಸಲಾಗಿತ್ತು. ಸ್ಯಾವಿಲ್ ರೋ ಎಂದರೆ ಲಂಡನ್ನಿನ ಪ್ರತಿಷ್ಠಿತ ದರ್ಜಿಗಳ ಬೀದಿ. ಮಧ್ಯಾಹ್ನದ ವೇಳೆಯಲ್ಲಿ ತಲೆಯ ಮೇಲಿಂದ ಸಂಗೀತ ಸುರಿಯತೊಡಗಿದಾಗ ಬೀದಿಯಲ್ಲಿ ಜನ ನೆರೆದರು, ಕೆಲವರು ಹಿಗ್ಗಿದರು, ಕೆಲವರು ಸಿಡುಕಿದರು, ಪೋಲೀಸರೂ ಬಂದರು. ೪೨ ನಿಮಿಷ ನಡೆದ ಆ ಕಛೇರಿಯೇ ನಾಲ್ವರೂ ಕೂಡಿ ಜನರೆದುರು ನುಡಿಸಿದ ಕಡೆಯದು. ಅಂದು ಮಾಳಿಗೆಯ ಮೇಲೆ ಮುದ್ರಿಸಿದ ಮೂರು ಹಾಡುಗಳು ‘ಲೆಟ್ ಇಟ್ ಬಿ’ ತಟ್ಟೆಯಲ್ಲಿ ಸೇರಿವೆ. ಮಾರನೆಯ ದಿನ ನೆಲಮಾಳಿಗೆಯಲ್ಲಿ ಪಿಯಾನೋ ಬೇಕಾದ ನಿಧಾನಗತಿಯ ಹಾಡುಗಳನ್ನು ಮುದ್ರಿಸಿ ಆ ಕೆಲಸಕ್ಕೆ ವಿರಾಮ ಕೊಟ್ಟರು. ಟೇಪುಗಳನ್ನು ಗ್ಲಿನ್ ಜಾನ್ಸ್ ಎಂಬ ಎಂಜಿನಿಯರನು ಒಂದು ತಟ್ಟೆಯಾಗಿ ಜೋಡಿಸಿ ತೋರಿಸಿದ. ಬಳಗಕ್ಕೆ ಅದು ಹಿಡಿಸಲಿಲ್ಲ. ಟೇಪುಗಳು ಹಾಗೆಯೇ ಬಿದ್ದಿದ್ದುವು.

ಇಷ್ಟರಲ್ಲಿ ಹಣದ ವ್ಯವಹಾರದಲ್ಲಿ ಬಿರುಕು ದೊಡ್ಡದಾಯಿತು. ಎಪ್‌ಸ್ಟೀನನ ಸ್ಥಾನಕ್ಕೆ ಅಮೆರಿಕದ ಆಲನ್ ಕ್ಲೈನ್ ಬರಬೇಕೆಂದು ಲೆನನ್, ಹ್ಯಾರಿಸನ್, ರಿಂಗೋ ಮೂವರೂ ಪಟ್ಟು ಹಿಡಿದರು. ಮೆಕಾರ್ಟ್ನಿ ತಾನು ಮದುವೆಯಾದ ಲಿಂಡಾ ಈಸ್ಟ್‌ಮನ್ನಳ ತಂದೆ ಮತ್ತು ಸೋದರ ಆ ಕೆಲಸ ನೋಡಿಕೊಳ್ಳಲೆಂದ, ಅವರಿಬ್ಬರೂ ವಕೀಲರು. ಮೂವರು ಒಂದು ಕಡೆ, ಒಬ್ಬನು ಒಂದು ಕಡೆ. ಹೀಗಿರುವಾಗಲೇ ಒಂದು ವಿಚಿತ್ರ ನಡೆಯಿತು. ಏಪ್ರಿಲ್ ೧೪ರಂದು ಲೆನನ್ ತನ್ನ ಮದುವೆಯನ್ನು ಕುರಿತು ಕಟ್ಟಿದ ಹಾಡೊಂದನ್ನು ತಂದ. ಹ್ಯಾರಿಸನ್ನೂ ರಿಂಗೋವೂ ಸಿಗುವಂತಿರಲಿಲ್ಲ. ವಕೀಲರ ಮೂಲಕ ಹೊಡೆದಾಡುತ್ತಿದ್ದ ಲೆನನ್ ಮೆಕಾರ್ಟ್ನಿಗಳಿಬ್ಬರೇ ಕುಳಿತು, ಗಿಟಾರುಗಳನ್ನು ಲೆನನ್ನೂ ಡ್ರಮ್ಮು ಪಿಯಾನೋ ಮುಂತಾದುವನ್ನು ಮೆಕಾರ್ಟ್ನಿಯೂ ನುಡಿಸಿ, ಒಂದೇ ದಿನದಲ್ಲಿ ಹಾಡನ್ನು ಮುಗಿಸಿದರು. ಮಾರ್ಟಿನ್ ಮೇಲ್ವಿಚಾರಕನಾಗಿದ್ದ; ಸ್ಥಳ ಅದೇ ಹಳೆಯ ಇ.ಎಂ.ಐ. ಸ್ಟುಡಿಯೋ. ಸ್ನೇಹ ಸೋತ ಕಡೆಯಲ್ಲಿ ಅಭ್ಯಾಸ ಗೆದ್ದಿತು.

ಬಹುಶಃ ಇಂಥ ಅನುಭವದಿಂದಲೇ ಧೈರ್ಯ ತಾಳಿ ಮೆಕಾರ್ಟ್ನಿ ಮಾರ್ಟಿನ್ನನ ಬಳಿಗೆ ಹೋಗಿ, ಇನ್ನೊಂದು ತಟ್ಟೆಯನ್ನು ಮೊದಲಿನಂತೆಯೇ ಮಾಡೋಣವೆಂದು ಕೇಳಿದ. ಮೊದಲಿನಂತೆಯೇ ಎಂದರೆ ತನ್ನ ಮಾತು ನಡೆಯುವಂತಿರಬೇಕು, ಎಲ್ಲರೂ ಒಪ್ಪಬೇಕು ಎಂದು ಮಾರ್ಟಿನ್ ಹೇಳಿದ. ಎಲ್ಲರೂ ಒಪ್ಪಿದರು. ಕೆಲವು ಹಾಡುಗಳ ಕೆಲಸ ಫೆಬ್ರವರಿಯಿಂದಲೇ ನಡೆದಿತ್ತು. ಒಟ್ಟಾಗಿ ಕುಳಿತು ದುಡಿದುದು ಜುಲೈ ೧ರಿಂದ ಆಗಸ್ಟ್ ೨೦ರವರೆಗೆ. ಎಮೆರಿಕ್ ಕೂಡ ಹಿಂದಕ್ಕೆ ಬಂದ. ಆ ದಿನಗಳೂ ಸುಖದ ದಿನಗಳೆಂದು ತಿಳಿಯಬೇಕಾಗಿಲ್ಲ. ಲೆನನ್ ಆರಂಭದಲ್ಲಿಯೇ ಸ್ಕಾಟ್ಲೆಂಡಿನಲ್ಲಿ ಕಾರಿನ ಅಪಘಾತಕ್ಕೆ ಸಿಕ್ಕಿ ಒಂದು ವಾರ ಬರಲಾಗಲಿಲ್ಲ. ಬಂದಾಗ ಅವನ ಮಡದಿ ಯೋಕೋ ಓನೋ ಇನ್ನೂ ಗುಣವಾಗಿರಲಿಲ್ಲ. ಆಕೆಗಾಗಿ ಸ್ಟುಡಿಯೋದೊಳಗೇ ಮಂಚ ಹಾಸಿಗೆ ತರಿಸಲಾಯಿತು. ಹಣದ ಜಗಳವೂ ಆರಿರಲಿಲ್ಲ. ಆದರೆ ಕೊಠಡಿ ಪರಿಚಿತ, ವೇಳೆ ಪರಿಚಿತ, ಕ್ಯಾಮೆರಾಗಳಿಲ್ಲ, ಸಲಹೆ ಹೇಳಲು ಎಲ್ಲರೂ ಒಪ್ಪಿದ ಒಬ್ಬ ಹಿರಿಯನಿದ್ದ. ಜನವರಿಗೂ ಜುಲೈಗೂ ಇದ್ದ ಮುಖ್ಯ ವ್ಯತ್ಯಾಸ ಇಷ್ಟೇ.

ಇದರ ಫಲವನ್ನು ‘ಆಬಿ ರೋಡ್’ ತಟ್ಟೆಯಲ್ಲಿ ಕಿವಿಯಿಂದಲೇ ಪರೀಕ್ಷಿಸಬಹುದು. ಎಂಟು ಪಟ್ಟಿಗಳ ಟೇಪಿನ ಯಂತ್ರ, ಹಳೆಯ ವಾಲ್ವುಗಳ ಬದಲು ಟ್ರಾನ್ಸಿಸ್ಟರುಗಳಿಂದ ನಡೆಯುವ ಹೊಸ ಮಿಶ್ರಣದ ಮೇಜು, ಹ್ಯಾರಿಸನ್ ತರಿಸಿದ ಮೂಗ್ ಎಂಬ ವಿದ್ಯುತ್ ವಾದ್ಯ. ಇವೆಲ್ಲ ಇಲ್ಲಿ ಒದಗಿ ಬಂದುವು. ‘ಬಿಕಾಸ್’ ಎಂಬ ಹಾಡಿನಲ್ಲಿ ಲೆನನ್, ಮೆಕಾರ್ಟ್ನಿ, ಹ್ಯಾರಿಸನ್ ಮೂವರೂ ಮೂರು ಸ್ಥಾಯಿಗಳಲ್ಲಿ ಒಟ್ಟಿಗೆ ಹಾಡಿ, ಅದನ್ನೇ ಮತ್ತೆರಡು ಸಲ ಹಾಡಿ ಸೇರಿಸಿದ್ದಾರೆ. ಮೂರು ಕಂಠ ಒಂಬತ್ತಾಗಿ ಕೇಳಿಸುತ್ತದೆ. ಮಾತು ಬಿಟ್ಟವರು ಹೀಗೆ ಉಸಿರಿಗೆ ಉಸಿರು ಹೊಂದಿಸಿ ಹಾಡಲು ಎಷ್ಟು ತಾಳ್ಮೆ ಬೇಕೆಂಬುದನ್ನು ಕೋಲಾಟದಲ್ಲಿ ಕೋಲು ಹಿಡಿದವರೂ ಬಲ್ಲರು. ಹ್ಯಾರಿಸನ್ನನ ಎರಡು ಹಾಡುಗಳು, ‘ಸಮ್‌ಥಿಂಗ್’ ಮತ್ತು ‘ಹಿಯರ್ ಕಮ್ಸ್ ದಿ ಸನ್’, ಈ ತಟ್ಟೆಯ ಭೂಷಣಗಳೆನ್ನಿಸಿಕೊಂಡುವು. ಎರಡನೆಯದನ್ನು ಅವನು ಕಟ್ಟಿದ್ದು ಕಂಪೆನಿಯ ಸಭೆಯಿಂದ ತಪ್ಪಿಸಿಕೊಂಡು ಗೆಳೆಯ ಎರಿಕ್ ಕ್ಲಾಪ್ಟನ್ನನ ತೋಟದಲ್ಲಿ ಅಡ್ಡಾಡುತ್ತಿದ್ದಾಗ.

ತಟ್ಟೆಯ ಎರಡನೆಯ ಮಗ್ಗುಲಲ್ಲಿ ಸುಮಾರು ೧೬ ನಿಮಿಷಗಳ ಹಾಡಿನ ಸರವೊಂದಿದೆ. ಪೂರ್ಣವಾಗದೆ ಉಳಿದಿದ್ದ ತುಣುಕುಗಳನ್ನು ಒಂದಕ್ಕೊಂದು ಹೆಣೆದು ಮಾಡಿದ ಮಾಲಿಕೆ ಅದು. ಮೆಕಾರ್ಟ್ನಿಗೂ ಮಾರ್ಟಿನ್ನನಿಗೂ ಇದು ಬಹಳ ಪ್ರಿಯ. ಲೆನನ್ನನಿಗೆ ಅಷ್ಟೇನೂ ಹಿಡಿಸದು. ಆದರೂ ತನ್ನ ಮೂರು ತುಣುಕುಗಳನ್ನು ಅವನು ಅದಕ್ಕೆ ಕೊಟ್ಟ. ಮಾಲಿಕೆಯ ಕೊನೆಯ ಹಾಡು ‘ದಿ ಎಂಡ್’. ನಮ್ಮ ಕರ್ನಾಟಕ ಸಂಗೀತದ ಕಛೇರಿಯಲ್ಲಿ ಮೃದಂಗದವರಿಗೆ ತನಿ ಆವರ್ತನ ಬಿಡುವ ಪದ್ಧತಿಯುಂಟು. ರಿಂಗೋ ಅಂಥ ಒಂಟಿ ವಾದನವನ್ನು ಎಂದೂ ಇಷ್ಟಪಟ್ಟವನಲ್ಲ. ಇಲ್ಲಿ ಮಾತ್ರ ಉಳಿದವರ ಒತ್ತಾಯಕ್ಕೆ ಮಣಿದು ಕೆಲವು ಕ್ಷಣ ಒಬ್ಬನೇ ಬಾರಿಸಿದ. ಅದಾದ ಮೇಲೆ ಮೆಕಾರ್ಟ್ನಿ, ಹ್ಯಾರಿಸನ್, ಲೆನನ್ ಸರದಿಯಂತೆ ಎರಡೆರಡು ತಾಳಖಂಡಗಳ ಗಿಟಾರನ್ನು ನುಡಿಸುತ್ತಾರೆ. ಹೀಗೆ ಮೂರು ಸುತ್ತು ನಡೆಯುತ್ತದೆ. ಯಾರ ಬೆರಳು ಯಾವುದೆಂದು ಬಲ್ಲವರು ಗುರುತಿಸಬಲ್ಲರು. ನಾಲ್ವರಿಗೂ ಸಮಪಾಲು ಕೊಟ್ಟ ಹಾಡು ಇದೊಂದೇ ಎಂದರೂ ಸಲ್ಲುತ್ತದೆ. ಪಾಲಾಗುವ ಮುಂಚೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡಂತೆ.

ಮಾಲಿಕೆಗೆ ಸಂಬಂಧಿಸಿದ ಒಂದು ಸಣ್ಣ ಸಂಗತಿ ಸ್ವಾರಸ್ಯವಾಗಿದೆ. ಅದರ ಮಧ್ಯದಲ್ಲಿದ್ದ ‘ಹರ್ ಮೆಜೆಸ್ಟಿ’ ಎಂಬ ೨೩ ಸೆಕೆಂಡಿನ ಚುಟುಕು ಹೊಂದುವುದಿಲ್ಲವೆಂದು ಮೆಕಾರ್ಟ್ನಿ ಅದನ್ನು ಕತ್ತರಿಸಿ ಬಿಸಾಡಲು ಹೇಳಿದ. ಟೇಪಿನ ಸಹಾಯಕನಾಗಿದ್ದ ಜಾನ್ ಕುರ್ಲ್ಯಾಂಡರ್‌ಗೆ ಬೀಟಲ್ಸ್ ನುಡಿಸಿದ್ದು ಯಾವುದನ್ನೂ ಎಸೆಯಬಾರದೆಂದು ಮೇಲಿನವರ ಅಪ್ಪಣೆಯಿತ್ತು. ಅವನು ನೆಲದಿಂದ ಆ ತುಂಡನ್ನು ಎತ್ತಿ, ಖಾಲಿ ಟೇಪಿನ ಅಂತರ ಬಿಟ್ಟು, ಸುರುಳಿಯ ತುದಿಗೆ ಅಂಟಿಸಿಟ್ಟ. ಪರೀಕ್ಷೆಗಾಗಿ ಒತ್ತಿದ ತಟ್ಟೆಯಲ್ಲಿ ಎಲ್ಲವೂ ಮುಗಿದು ಮೌನವಾದ ಮೇಲೆ ಅದು ಥಟ್ಟನೆ ಕೇಳಿಬಂದಿತು. ಮೆಕಾರ್ಟ್ನಿಗೆ ಹಿಡಿಸಿ, ಅದು ಅಲ್ಲಿಯೇ ಉಳಿಯಿತು. ಆಗಸ್ಟ್ ೮ರಂದು ಸ್ಟುಡಿಯೋದ ಎದುರಿನ ರಸ್ತೆಯನ್ನು ನಾಲ್ವರೂ ಸಾಲಾಗಿ ದಾಟುತ್ತಿರುವಾಗ ಇಯನ್ ಮ್ಯಾಕ್‌ಮಿಲನ್ ಏಣಿಯ ಮೇಲೆ ನಿಂತು ಆರು ಚಿತ್ರ ತೆಗೆದ. ಅವುಗಳಲ್ಲೊಂದು ತಟ್ಟೆಯ ಹೊದಿಕೆಯ ಮೇಲೆ ಬಂದು ಜಗತ್ಪ್ರಸಿದ್ಧವಾಯಿತು. ಆ ರಸ್ತೆಯ ಹೆಸರೇ ತಟ್ಟೆಗೂ, ಮುಂದೆ ಸ್ಟುಡಿಯೋಗೂ ಸಂದಿತು.

ಆಗಸ್ಟ್ ೨೦ರಂದು ಹಾಡುಗಳ ಅನುಕ್ರಮವನ್ನು ಗೊತ್ತುಮಾಡಲು ನಾಲ್ವರೂ ಬಂದಿದ್ದರು. ಲೆನನ್ನನ ‘ಐ ವಾಂಟ್ ಯು’ ಎಂಬ ಎಂಟು ನಿಮಿಷಕ್ಕೆ ಸಮೀಪದ ದೀರ್ಘ ಹಾಡಿಗೆ ಅಂದು ಕೊನೆಯ ರೂಪ ಕೊಡಲಾಯಿತು. ಮೆಲ್ಲಮೆಲ್ಲಗೆ ಅಡಗಿಸಿ ಮುಗಿಸುವ ಬದಲು, ಸದ್ದು ಏರುತ್ತಿರುವಾಗಲೇ ಟೇಪನ್ನು ಕತ್ತರಿಸೆಂದು ಲೆನನ್ ಹೇಳಿದ, ಹಾಗೆಯೇ ಆಯಿತು. ಈಗಲೂ ಮೊದಲ ಸಲ ಕೇಳುವವರು ಯಂತ್ರ ಕೆಟ್ಟಿತೆಂದು ಬೆಚ್ಚುತ್ತಾರೆ. ನಾಲ್ವರೂ ಸ್ಟುಡಿಯೋದಲ್ಲಿ ಒಟ್ಟಿಗೆ ಇದ್ದ ಕಡೆಯ ದಿನ ಅದೇ. ವಿದಾಯದ ಮಾತಿಲ್ಲ, ಹಾರ ತುರಾಯಿಗಳಿಲ್ಲ. ಆಗ ಅವರ ವಯಸ್ಸು ಎಷ್ಟು ಗೊತ್ತೆ? ರಿಂಗೋ ೨೯, ಲೆನನ್ ೨೮, ಮೆಕಾರ್ಟ್ನಿ ೨೭, ಹ್ಯಾರಿಸನ್ ೨೬. ಒಂದು ತಿಂಗಳು ಕಳೆಯುವುದರೊಳಗೆ, ಸೆಪ್ಟೆಂಬರ್ ೨೦ರಂದು, ತಾನು ಬಳಗವನ್ನು ಬಿಟ್ಟೆನೆಂದು ಲೆನನ್ ತಿಳಿಸಿದ. ವ್ಯವಹಾರದ ಒಪ್ಪಂದಗಳಿಗೆ ಬಾಧಕವಾದೀತೆಂದು ಅದನ್ನು ಗುಟ್ಟಾಗಿಡಲಾಯಿತು.

ಜನವರಿಯ ಟೇಪುಗಳ ಋಣ ಮಾತ್ರ ತೀರಿರಲಿಲ್ಲ. ಚಲನಚಿತ್ರ ಸಿದ್ಧವಾಗುತ್ತಿತ್ತು, ಅದರಲ್ಲಿ ಹ್ಯಾರಿಸನ್ನನ ‘ಐ ಮಿ ಮೈನ್’ ಎಂಬ ಹಾಡಿನ ಅಭ್ಯಾಸದ ದೃಶ್ಯವಿತ್ತು. ಹಾಡು ಸರಿಯಾಗಿ ಮುದ್ರಿತವಾಗಿರಲಿಲ್ಲ. ೧೯೭೦ರ ಜನವರಿ ೩ರಂದು ಹ್ಯಾರಿಸನ್, ಮೆಕಾರ್ಟ್ನಿ, ರಿಂಗೋ ಮೂವರು ಇ.ಎಂ.ಐ.ಯಲ್ಲಿ ಕೂಡಿ ಅದನ್ನು ಮುದ್ರಿಸಿದರು. ಲೆನನ್ ಡೆನ್ಮಾರ್ಕಿನಲ್ಲಿದ್ದ. ನಮ್ಮ ಹಿರಿಯರು ‘ನಾನು, ನನ್ನದು’ ಎಂಬ ಅಹಂಕಾರ ಮಮಕಾರಗಳನ್ನು ಕುರಿತು ಹೇಳುತ್ತ ಬಂದಿರುವುದನ್ನೇ ಭಾರತೀಯ ತತ್ತ್ವದಲ್ಲಿ ಆಸಕ್ತನಾದ ಹ್ಯಾರಿಸನ್ ತನ್ನ ಹಾಡಿಗೆ ವಸ್ತುವಾಗಿ ಮಾಡಿಕೊಂಡಿದ್ದ. ಆ ಬಳಗ ಹೊಸದಾಗಿ ಮುದ್ರಿಸಿದ ಕಡೆಯ ಹಾಡಿಗೆ ಅದೇ ವಸ್ತುವಾದುದು ವಿಧಿಯ ವಿನೋದವೆನ್ನಬೇಕು. ಹಾಡು ಚಿಕ್ಕದಾಗಿತ್ತು, ಒಂದೂವರೆ ನಿಮಿಷದಷ್ಟು.

ಆ ವರ್ಷದ ಮಾರ್ಚಿಯಲ್ಲಿ ಟೇಪುಗಳನ್ನು ಅಮೆರಿಕದ ಫಿಲ್ ಸ್ಪೆಕ್ಟರ್‌ನ ಕೈಗೆ ಒಪ್ಪಿಸಿದರು. ಅವನು ‘ಐ ಮಿ ಮೈನ್’ ಹಾಡಿನ ಒಂದು ಭಾಗವನ್ನು ಮತ್ತೊಮ್ಮೆ ಜೋಡಿಸಿ ಅದರ ಉದ್ದವನ್ನು ಹೆಚ್ಚಿಸಿದ. ಏಪ್ರಿಲ್ ೧ರಂದು ದೊಡ್ಡ ವಾದ್ಯವೃಂದವನ್ನೂ ಗಾಯಕಿಯರ ಮೇಳವನ್ನೂ ಕರೆಸಿ ಮೂರು ಹಾಡುಗಳಿಗೆ ತಂತಿವಾದ್ಯಗಳ ಹೊದಿಕೆ ಹೊದಿಸಿದ. ಅಂದು ಡ್ರಮ್ ಬಾರಿಸಿದ ರಿಂಗೋ, ಬಳಗ ಬಾಳಿದ್ದಾಗ ಅದರ ಧ್ವನಿಮುದ್ರಣದಲ್ಲಿ ಕೈಯಾಡಿಸಿದ ಕಡೆಯವನು. ಏನನ್ನೂ ಸೇರಿಸಕೂಡದೆಂದು ಹೊರಟ ಯೋಜನೆ ಸೇರಿಸಿದ್ದರಿಂದಲೇ ತುಂಬಿಕೊಂಡಿತು. ತನ್ನ ‘ದಿ ಲಾಂಗ್ ಅಂಡ್ ವೈಂಡಿಂಗ್ ರೋಡ್’ ಹಾಡಿಗೆ ತನ್ನನ್ನು ಕೇಳದೆ ಮಾಡಿದ ಅಲಂಕಾರವನ್ನು ಕೇಳಿ ಮೆಕಾರ್ಟ್ನಿ ಕುಪಿತನಾದ. ಏಪ್ರಿಲ್ ೧೦ರಂದು ಅವನು ಬಳಗವನ್ನು ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ವರ್ಷದ ಕಡೆಯ ದಿನ ಅವನು ಪಾಲುದಾರಿಕೆಯನ್ನು ಮುರಿಯಬೇಕೆಂದು ನ್ಯಾಯಾಲಯದ ಮೆಟ್ಟಿಲೇರಿದಾಗ ಆ ಹಾಡಿನ ದೂರೂ ಕಾರಣಗಳಲ್ಲಿ ಒಂದಾಗಿತ್ತು. ಕಾನೂನಿನ ಕಣ್ಣಿನಲ್ಲಿ ಬೀಟಲ್ಸ್ ವಿಸರ್ಜನೆಯಾದುದು ೧೯೭೫ರ ಜನವರಿಯಲ್ಲಿ.

ಇಲ್ಲಿಗೆ ಒಂದು ಆಕ್ಷೇಪಣೆ ಬರಬಹುದು. ‘ಆಬಿ ರೋಡ್’ ನಯವಾಗಿದೆ, ಸರಿ; ಆ ನಯ ಬಿರುಕನ್ನು ಮುಚ್ಚಿದ ಗಿಲಾಯಿ ಅಲ್ಲವೆ? ‘ಹಿಯರ್ ಕಮ್ಸ್ ದಿ ಸನ್’ ಹಾಡಿನಲ್ಲಿ ಲೆನನ್ ನುಡಿಸಿಯೇ ಇಲ್ಲ. ಒರಟಾದರೂ ಜನವರಿಯ ಟೇಪುಗಳೇ ಹೆಚ್ಚು ಸತ್ಯವಲ್ಲವೆ? ಈ ಮಾತಿನಲ್ಲಿ ತಿರುಳಿದೆ. ೨೦೦೩ರಲ್ಲಿ ಸ್ಪೆಕ್ಟರನ ಅಲಂಕಾರಗಳನ್ನು ಕಳಚಿ ಆ ಹಾಡುಗಳನ್ನು ಮತ್ತೆ ಪ್ರಕಟಿಸಿದಾಗ ಅವುಗಳ ಕಸುವು ಕಾಣಿಸಿತು. ೨೦೨೧ರಲ್ಲಿ ನ್ಯೂಜಿಲೆಂಡಿನ ನಿರ್ದೇಶಕ ಪೀಟರ್ ಜಾಕ್ಸನ್ ಜನವರಿಯ ಸುಮಾರು ೬೦ ಗಂಟೆಗಳ ಫಿಲ್ಮನ್ನೂ ೧೫೦ ಗಂಟೆಗಳ ಧ್ವನಿಯನ್ನೂ ಜಾಲಾಡಿ, ಎಂಟು ಗಂಟೆಗಳಿಗೆ ಸಮೀಪದ ಚಿತ್ರವೊಂದನ್ನು ಹೊರತಂದ. ೧೯೭೦ರ ಚಿತ್ರ ಒಂದೂಕಾಲು ಗಂಟೆಗಿಂತ ತುಸು ಹೆಚ್ಚಿನದು. ದೊಡ್ಡ ಚಿತ್ರದಲ್ಲಿ ಜಗಳವಿದೆ. ಅದರ ಪಕ್ಕದಲ್ಲಿಯೇ ನಗೆಚಾಟಿಕೆ, ಹಳೆಯ ಹಾಡುಗಳ ಮೆಲುಕು ಇವೆ. ಮೆಕಾರ್ಟ್ನಿ ಒಂದು ಬೆಳಗ್ಗೆ ಲೆನನ್ ಬರುವುದನ್ನು ಕಾಯುತ್ತ ಗಿಟಾರನ್ನು ಸುಮ್ಮನೆ ಮಿಡಿಯುತ್ತ ಮಿಡಿಯುತ್ತ ‘ಗೆಟ್ ಬ್ಯಾಕ್’ ಹಾಡು ಎಲ್ಲಿಂದಲೋ ಮೂಡಿಬರುವುದನ್ನು ಅದರಲ್ಲಿ ಕಣ್ಣಾರೆ ನೋಡಬಹುದು. ಹ್ಯಾರಿಸನ್ ಎದುರಿಗೆ ಆಕಳಿಸುತ್ತಿರುತ್ತಾನೆ. ಆಯ್ದು ಕತ್ತರಿಸಿದ ಒಂದು ಚಿತ್ರವನ್ನು ನಂಬಿ ಐವತ್ತು ವರ್ಷ ತೀರ್ಪು ಕೊಟ್ಟಿದ್ದ ಜನ ಆಗ ಮರುವಿಚಾರ ಮಾಡಬೇಕಾಯಿತು.

ಆದ್ದರಿಂದ ಜನವರಿಯದು ಸುಳ್ಳು, ಆಗಸ್ಟಿನದು ನಿಜ ಎನ್ನಲಾಗದು. ಎರಡೂ ಅವರೇ. ಇಷ್ಟು ಮಾತ್ರ ಧೈರ್ಯವಾಗಿ ಹೇಳಬಹುದು: ಜನವರಿಯಿಂದ ಆಗಸ್ಟಿಗೆ ಅವರ ಸ್ನೇಹ ಬೆಳೆಯಲಿಲ್ಲ, ಕುಗ್ಗಿತು, ಆದರೂ ಕೆಲಸ ಸುಧಾರಿಸಿತು. ಜನವರಿಯಲ್ಲಿ ಹಳೆಯ ಆತ್ಮೀಯತೆಯನ್ನು ಮರಳಿ ಪಡೆಯಲೆಂದೇ ಹೊರಟರು. ಅದು ಕೈಗೆ ಸಿಗಲಿಲ್ಲ. ಜುಲೈಯಲ್ಲಿ ಅದರ ಆಸೆಯನ್ನು ಬದಿಗಿಟ್ಟು ಒಂದು ತಟ್ಟೆಯನ್ನು ಚೆನ್ನಾಗಿ ಮಾಡುವುದಷ್ಟನ್ನೇ ಗುರಿಯಾಗಿಟ್ಟುಕೊಂಡರು; ಅದು ಸಾಧ್ಯವಾಯಿತು. ಕೂಡಿ ಮಾಡುವ ಕೆಲಸಕ್ಕೆ ಪ್ರೀತಿಯೊಂದೇ ಆಧಾರವೆಂದು ನಾವು ಭಾವಿಸುತ್ತೇವೆ. ನಿಯಮಿತವಾದ ವೇಳೆ, ಒಪ್ಪಿಕೊಂಡ ಒಂದು ಕ್ರಮ, ಎಲ್ಲರೂ ಗೌರವಿಸುವ ಒಬ್ಬ ಮೂರನೆಯವನ ಮಾತು, ಸರದಿಯಂತೆ ಎಲ್ಲರಿಗೂ ಪಾಲು, ಇವೂ ಆಧಾರಗಳೇ. ಪ್ರೀತಿ ಸೋತು ನಿಂತಾಗ ಇವು ಸ್ವಲ್ಪ ದೂರ ಹೊತ್ತುಕೊಂಡು ಹೋಗಬಲ್ಲವು. ಬಹಳ ದೂರ ಹೊರಲಾರವು ಎಂಬುದಕ್ಕೂ ಈ ಕಥೆಯೇ ಪ್ರಮಾಣ.

ವಾರ್ಷಿಕೋತ್ಸವದ ನಾಟಕಕ್ಕೋ ಚರ್ಚಾಕೂಟಕ್ಕೋ ಕೈಬರಹದ ಪತ್ರಿಕೆಗೋ ಕೂಡಿ ದುಡಿಯುವ ನಮಗೆ ಇದು ದೂರದ ಮಾತಲ್ಲ. ಪಾತ್ರ ಹಂಚುವಾಗಲೇ ಮನಸ್ತಾಪ ಹುಟ್ಟಿದ ತಂ‌ಡಗಳನ್ನು ಎಲ್ಲ ಕಾಲೇಜುಗಳೂ ಕಂಡಿವೆ. ಮನಸ್ತಾಪ ತೀರಿದ ಮೇಲೆ ಕೆಲಸ ಮಾಡೋಣವೆಂದು ಕಾಯುವವರಿಗೆ ಪರದೆ ಏಳುವ ದಿನ ಕಾಯುವುದಿಲ್ಲ. ಲೆನನ್ ೧೯೮೦ರಲ್ಲಿ ಕೊಲೆಯಾದ. ಹ್ಯಾರಿಸನ್ ೨೦೦೧ರಲ್ಲಿ ತೀರಿಕೊಂಡ. ೨೦೧೬ರಲ್ಲಿ ಮಾರ್ಟಿನ್ನನೂ ಹೋದ. ಯಾರು ಯಾವ ಸಭೆಯಲ್ಲಿ ಯಾರಿಗೆ ಏನೆಂದರೆಂಬುದು ಈಗ ಚರಿತ್ರೆಕಾರರ ಟಿಪ್ಪಣಿಯ ಮಾತಾಗಿದೆ. ‘ಬಿಕಾಸ್’ ಹಾಡಿನ ಒಂಬತ್ತು ಕಂಠಗಳು ಮಾತ್ರ ಇಂದಿಗೂ ಒಂದೇ ಉಸಿರಿನಲ್ಲಿ ಏಳುತ್ತವೆ.